ಬೀರು ಬಾಗಿಲಿನ ಕಾರು: ಸೆಕೆಂಡ್ ಹ್ಯಾಂಡ್ ಫೋರ್ಡ್ ಇಕೋಸ್ಪೋರ್ಟ್ ಜೊತೆ ಮೂರು ವರ್ಷ

ಬೆಳಗ್ಗೆ ಐದೂ ಮುಕ್ಕಾಲು. ತೀರ್ಥಹಳ್ಳಿ ಕಡೆಯ ಜುಲೈ ಮಳೆ. ಶೆಡ್ಡಿನ ಗೇಟು ತೆಗೆದು ಕಾರನ್ನು ಮೂರಡಿ ಹಿಂದಕ್ಕೆ ತರುತ್ತೇನೆ. ಈಗ ಕಾರಿನ ಮೂತಿ ಶೆಡ್ಡಿನೊಳಗೆ, ಬೆನ್ನು ಮಳೆಯಲ್ಲಿ. ಎಡಗೈಲಿ ಕೊಡೆ ಹಿಡಿದು ಇಳಿಯುತ್ತೇನೆ. ಬಲಗಡೆ ಟೈಲ್ ಲ್ಯಾಂಪಿನ ಸಂದಿಗೆ ಬಲಗೈ ಬೆರಳು ಹಾಕಿ ಎಳೆದರೆ ಹಿಂದಿನ ಬಾಗಿಲು ಸ್ಟೆಪ್ನಿ ಸಮೇತ ಎಡಕ್ಕೆ ತೆರೆದುಕೊಳ್ಳುತ್ತದೆ. ಬ್ಯಾಗು ಒಳಗೆ ಹೋಗುವ ಮುಂಚೆ ಮಳೆ ಒಳಗೆ ಹೋಗಿರುತ್ತದೆ.

ಮೂರು ವರ್ಷದಲ್ಲಿ 47,000 ಕಿಲೋಮೀಟರ್ ಓಡಿಸಿದ ಮೇಲೆ ಈ ಕಾರಿನ ಬಗ್ಗೆ ಬರೆಯೋಣ ಅಂತ ಕೂತರೆ ಮೊದಲು ನೆನಪಾಗಿದ್ದು ಇದೇ. ಎಂಜಿನ್ ಅಲ್ಲ, ಮೈಲೇಜ್ ಅಲ್ಲ. ಬಾಗಿಲು.

ಮೇಲಕ್ಕೆ ಏಳುವ ಡಿಕ್ಕಿ ಬಾಗಿಲು ಮಲೆನಾಡಿನವರಿಗೆ ಎಷ್ಟು ದೊಡ್ಡ ಉಪಕಾರ ಅಂತ ನನಗೆ ಹಳೇ ಆಲ್ಟೊ ಮಾರುವ ತನಕ ಗೊತ್ತಿರಲಿಲ್ಲ. ಅದರ ಕೆಳಗೆ ನಿಂತು ಸಾಮಾನು ಜೋಡಿಸಬಹುದು, ಚಪ್ಪಲಿ ಬದಲಿಸಬಹುದು, ಸುಮ್ನೆ ಮಳೆ ನೋಡಬಹುದು. ಪಕ್ಕಕ್ಕೆ ತೆರೆಯುವ ಬಾಗಿಲಿಗೆ ಆ ಗುಣ ಇಲ್ಲ. ಹಾಗಂತ ಕಾರನ್ನು ಬೈಯುವ ಹಾಗೂ ಇಲ್ಲ. ಬೈಯಬೇಕಾದ್ದು ಶೆಡ್ಡನ್ನು. ಆಲ್ಟೊ ಇದ್ದಾಗ ಅದರ ಅಳತೆಗೆ ಅಂತ ನಾನೇ ನಿಂತು ಕಟ್ಟಿಸಿದ್ದು. ಹದಿನಾರು ಅಡಿ ಉದ್ದ. ಇಕೋಸ್ಪೋರ್ಟ್ ನಾಲ್ಕು ಮೀಟರಿಗೆ ಕೂದಲೆಳೆ ಕಮ್ಮಿ, ಅಂದರೆ ಹದಿಮೂರಡಿ. ನಿಲ್ಲುತ್ತದೆ. ಬಾಗಿಲು ತಿರುಗಲು ಜಾಗ ಸಾಲದು.

ತಮಾಷೆ ಏನು ಅಂದರೆ, ಕಾರು ಕೊಳ್ಳುವ ಮುಂಚೆ ನಾಲ್ಕು ತಿಂಗಳು ನಾನು ಓದದೇ ಇದ್ದ ವಿಷಯ ಇಲ್ಲ. ಮಗಳ ಹಳೇ ಕಾಪಿ ಪುಸ್ತಕದಲ್ಲಿ ವರ್ಷಕ್ಕೊಂದು ಪುಟ. 2013ರ ಜೂನ್‌ನಲ್ಲಿ ಕಾರು ಬಂತು. 2015ರ ಕೊನೆಯಲ್ಲಿ ಡೀಸೆಲ್ ಎಂಜಿನ್ನಿನ ಪವರ್ 91ರಿಂದ 100 ಹಾರ್ಸ್‌ಪವರ್‌ಗೆ ಏರಿತು. 2017ರ ನವೆಂಬರ್‌ನಲ್ಲಿ ಫೇಸ್‌ಲಿಫ್ಟ್: ಹೊಸ ಮೂತಿ, ಹೊಸ ಡ್ಯಾಶ್‌ಬೋರ್ಡ್, ದೊಡ್ಡ ಟಚ್‌ಸ್ಕ್ರೀನ್, ಮೂರು ಸಿಲಿಂಡರಿನ ಹೊಸ ಪೆಟ್ರೋಲ್ ಎಂಜಿನ್. 2020ರಲ್ಲಿ ಬಿಎಸ್6, ಅಂದರೆ ಹೊಗೆಯ ಹೊಸ ನಿಯಮಕ್ಕೆ ತಕ್ಕ ಎಂಜಿನ್. 2021ರಲ್ಲಿ ಬೆನ್ನ ಮೇಲೆ ಸ್ಟೆಪ್ನಿ ಇಲ್ಲದ, ಎಸ್ಇ ಅನ್ನುವ ಮಾಡೆಲ್. ಅದೇ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಭಾರತದಲ್ಲಿ ಕಾರು ಮಾಡುವುದನ್ನೇ ನಿಲ್ಲಿಸುವುದಾಗಿ ಹೇಳಿತು. ಸ್ಟೆಪ್ನಿ ಇರಲಿ, ಹೋಗಲಿ, ಎಲ್ಲಾ ವರ್ಷದ್ದರಲ್ಲೂ ಬಾಗಿಲು ಪಕ್ಕಕ್ಕೇ. ಎಲ್ಲದರಲ್ಲೂ ಒಂದೇ ಅಲ್ವಾ, ಬರೆಯುವುದೇನು ಅಂತ ಆ ಸಾಲನ್ನು ಪುಸ್ತಕದಲ್ಲಿ ಬರೆಯಲೇ ಇಲ್ಲ.

ನನ್ನ ಲೆಕ್ಕ ಹೀಗಿತ್ತು. ಕೈಯಲ್ಲಿ ಆರು ಲಕ್ಷ. ಅಮ್ಮನಿಗೆ ಮಂಡಿ ನೋವು, ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಬೇಕು. ಅಂದರೆ ಆಗುಂಬೆ ಘಾಟಿ, ಹದಿನಾಲ್ಕು ತಿರುವು, ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ. ಆಲ್ಟೊದಲ್ಲಿ ಅಮ್ಮ ಕೂರಬೇಕಾದರೆ ಬಾವಿಗೆ ಇಳಿದ ಹಾಗೆ ಇಳಿಯಬೇಕಿತ್ತು. ಭಾವನ ಬೊಲೆರೊ ಆದರೆ ಏಣಿ ಬೇಕು. ಸೊಂಟದ ಎತ್ತರಕ್ಕೆ ಸೀಟು ಇರುವ, ಘಾಟಿ ಹತ್ತುವ ಡೀಸೆಲ್ ಗಾಡಿ ಬೇಕಿತ್ತು. ಆಟೋಮ್ಯಾಟಿಕ್ ಬೇಡ, ಸನ್‌ರೂಫ್ ಬೇಡ. ಹೊಸದು ಕೊಳ್ಳುವ ಮಾತೇ ಇಲ್ಲ.

ಬಿಎಸ್6 ಡೀಸೆಲ್ ನನ್ನ ಬಜೆಟ್ಟಿಗೆ ಹೇಗೂ ಸಿಗುತ್ತಿರಲಿಲ್ಲ. ಸಿಕ್ಕಿದ್ದರೂ ಯೋಚಿಸುತ್ತಿದ್ದೆ. ಅದರ ಸೈಲೆನ್ಸರ್ ಲೈನಿನಲ್ಲಿ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಆಗಾಗ ಒಂದಿಷ್ಟು ದೂರ ಬಿಸಿಯಾಗಿ ಓಡಿಸಿದರೆ ಅದು ತನ್ನಷ್ಟಕ್ಕೆ ಸುಟ್ಟು ಚೊಕ್ಕಟವಾಗುತ್ತದೆ. ದಿನಾ ಮನೆಯಿಂದ ಪೇಟೆಗೆ ನಾಲ್ಕು ಕಿಲೋಮೀಟರ್ ಓಡಿಸುವವರಿಗೆ ಅದು ತಲೆನೋವು. ಅಂಥವರು ಪೆಟ್ರೋಲ್ ನೋಡುವುದೇ ಒಳ್ಳೆಯದು.

ಭಾವ ಒಂದು ದೆಹಲಿ ಕಾರು ಹುಡುಕಿದ್ದ. 2014ರ ಡೀಸೆಲ್, ಮೂರು ಲಕ್ಷ ಚಿಲ್ಲರೆ. "ಇಷ್ಟು ಚೀಪಾಗಿ ಎಲ್ಲಿ ಸಿಗ್ತದೆ ಹೇಳು" ಅಂತ ಒಂದೇ ವರಾತ. ದೆಹಲಿಯಲ್ಲಿ ಆಗ ಡೀಸೆಲ್ ಕಾರಿಗೆ ಹತ್ತು ವರ್ಷವೇ ಆಯಸ್ಸು ಅಂತ ಇತ್ತು, ಅದಕ್ಕೇ ಚೀಪು. ಇಲ್ಲಿಗೆ ತಂದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ ಬೇಕು, ನಮ್ಮ ಆರ್‌ಟಿಒದಲ್ಲಿ ಮತ್ತೆ ರಿಜಿಸ್ಟ್ರೇಷನ್, ಅದರ ಮೇಲೆ ಲೈಫ್‌ಟೈಮ್ ಟ್ಯಾಕ್ಸ್. ವಯಸ್ಸಿಗೆ ತಕ್ಕಂತೆ ಟ್ಯಾಕ್ಸ್ ಕಮ್ಮಿ ಮಾಡುತ್ತಾರೆ, ಬಿಡುವುದಿಲ್ಲ. ಕೂಡಿಸಿ ತೋರಿಸಿದ ಮೇಲೆ ಭಾವ ಒಂದು ವಾರ ಫೋನ್ ಮಾಡಲಿಲ್ಲ.

ಕೊನೆಗೆ ಕಾರು ಸಿಕ್ಕಿದ್ದು ಶಿವಮೊಗ್ಗದಲ್ಲಿ, ಹಳೇ ಕಾರು ಮಾರುವ ಒಂದು ಕಡೆ. ಹೆಸರು ಬೇಡ. "2018 ಮಾಡೆಲ್ ಸಾರ್, ಸಿಂಗಲ್ ಓನರ್" ಅಂದರು. ಆರು ಮುಕ್ಕಾಲು ಲಕ್ಷ. ದೂರದಿಂದ ನೋಡಿದಾಗಲೇ ಅನುಮಾನ, ಮೂತಿ ಹಳೇದು. ಕೇಳಿದರೆ "ಆರ್‌ಸಿ ನೋಡಿ ಸಾರ್, 2018 ಫೆಬ್ರವರಿ" ಅಂದರು. ನಾನು ಹಿಂದೆ ಹೋಗಿ ಸ್ಟೆಪ್ನಿಯ ಕವರ್ ತೆಗೆಸಿದೆ. ಬಳಸದ ಟಯರು, ರಬ್ಬರಿನ ಸಣ್ಣ ಕೂದಲು ಇನ್ನೂ ಹಾಗೇ ಇತ್ತು. ಮೊಬೈಲ್ ಟಾರ್ಚ್ ಹಾಕಿ ಪಕ್ಕದ ಗೋಡೆಯಲ್ಲಿ ಡಿಒಟಿ ಅಂತ ಇರುವ ಕಡೆ ಹುಡುಕಿದೆ. ಕೊನೆಯ ನಾಲ್ಕು ಅಂಕಿ 2917. ಅಂದರೆ 2017ರ ಇಪ್ಪತ್ತೊಂಬತ್ತನೇ ವಾರದಲ್ಲಿ ಮಾಡಿದ ಟಯರು, ಜುಲೈ. ಆಮೇಲೆ ಆರ್‌ಸಿಯಲ್ಲಿ ರಿಜಿಸ್ಟ್ರೇಷನ್ ತಾರೀಕು ಬಿಟ್ಟು, ತಯಾರಾದ ತಿಂಗಳು ಇರುವ ಜಾಗಕ್ಕೆ ಬೆರಳಿಟ್ಟೆ. 09/2017. ಫೇಸ್‌ಲಿಫ್ಟ್‌ಗೆ ಎರಡು ತಿಂಗಳು ಮುಂಚಿನ ಹಳೇ ಮಾಡೆಲ್. ಹೊಸದು ಬಂದ ಮೇಲೆ ಉಳಿದ ಸ್ಟಾಕು, ಮುಂದಿನ ವರ್ಷ ರಿಜಿಸ್ಟರ್ ಆಗಿದೆ.

ಸುಳ್ಳು ಅಂತ ಹೇಳಲಾರೆ. ಕಾಗದದಲ್ಲಿ 2018 ಇದೆ. ಆದರೆ ಕೇಳಿದ ರೇಟು ಫೇಸ್‌ಲಿಫ್ಟಿನದ್ದು. ಒಂದು ಟೀ, ಇನ್ನೊಂದು ಟೀ, ಎದ್ದು ಹೊರಟ ನಾಟಕ ಎರಡು ಸಲ. ಐದು ತೊಂಬತ್ತಕ್ಕೆ ಮುಗಿಯಿತು. ಹಳೇ ಕಾರು ನೋಡಲು ಹೋಗುವವರು ಗಾಜುಗಳ ಮೂಲೆಯ ಗುರುತನ್ನೂ ನೋಡಿ. ಎಲ್ಲಾ ಗಾಜಿನಲ್ಲೂ ಒಂದೇ ವರ್ಷದ ಅಂಕಿ ಇದ್ದು, ಒಂದರಲ್ಲಿ ಮಾತ್ರ ಬೇರೆ ಇದ್ದರೆ ಆ ಗಾಜು ಯಾವಾಗಲೋ ಒಡೆದಿದೆ. ಯಾಕೆ ಒಡೆಯಿತು ಅಂತ ಕೇಳಿ, ಮಾರುವವರ ಮುಖ ನೋಡಿ.

ಹಳೇ ಮಾಡೆಲ್ಲೇ ಯಾಕೆ ತಗೊಂಡೆ? ಮೊದಲ ಕಾರಣ ದುಡ್ಡು. ಎರಡನೆಯದು, ಡೀಸೆಲ್ ಎಂಜಿನ್ ಎರಡರಲ್ಲೂ ಅದೇ ಒಂದೂವರೆ ಲೀಟರಿನದ್ದು. ದೊಡ್ಡ ಸ್ಕ್ರೀನ್ ಇಲ್ಲದಿದ್ದರೆ ನನಗೇನೂ ನಷ್ಟವಿಲ್ಲ, ಆಗುಂಬೆ ದಾರಿಯಲ್ಲಿ ಮ್ಯಾಪು ನೋಡುವವನಲ್ಲ ನಾನು. ಇದರಲ್ಲಿ ಸ್ಕ್ರೀನ್ ಅಂತ ಇರುವುದು ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದು. ಹಾಡು ಬರುತ್ತದೆ, ಸಾಕು.

ಎಂಜಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೋಮೇಶ್ವರದಿಂದ ಮೇಲಕ್ಕೆ ಹತ್ತುವಾಗ ಸೆಕೆಂಡ್ ಗೇರಿನಲ್ಲಿ ಬಿಟ್ಟರೆ ತಿರುವಿನಿಂದ ತಿರುವಿಗೆ ಬೇಸರವಿಲ್ಲದೆ ಬರುತ್ತದೆ. ಮುಂದೆ ಬಸ್ಸು ಸಿಕ್ಕಿದರೆ ಮಾತ್ರ ಫಸ್ಟ್. ಘಾಟಿ ಸೇರಿ ಹದಿನೆಂಟರ ಆಸುಪಾಸು ಮೈಲೇಜ್. ಈ ಡೀಸೆಲ್ಲಿನಲ್ಲಿ ಎಂಜಿನ್ನಿನ ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ಆಡಿಸುವುದು ಟೈಮಿಂಗ್ ಚೈನ್ ಅಲ್ಲ, ಬೆಲ್ಟ್. ಹಳೇ ಓನರ್ ಬದಲಿಸಿದ ಬಿಲ್ಲು ಸಿಗಲಿಲ್ಲ. ಮೀಟರು ಲಕ್ಷ ತೋರಿಸಿದ ದಿನ ನಮ್ಮ ಮೇಸ್ತ್ರಿಗೆ ಹೇಳಿ ಬದಲಿಸಿಬಿಟ್ಟೆ. ಬೆಲ್ಟ್ ತುಂಡಾದರೆ ಎಂಜಿನ್ನೇ ಬಿಚ್ಚಬೇಕಾಗುತ್ತದೆ, ಆ ಖರ್ಚಿನ ಮುಂದೆ ಇದು ಏನೂ ಅಲ್ಲ.

"ಕಂಪನಿಯೇ ಹೋಯ್ತಲ್ಲ, ಸ್ಪೇರು ಸಿಗ್ತದಾ?" ಅಂತ ಕೇಳದವರೇ ಇಲ್ಲ, ಮದುವೆ ಮನೆಯಲ್ಲೂ ಇದೇ ಪ್ರಶ್ನೆ. ತಯಾರಿಕೆ ನಿಂತರೂ ಸರ್ವೀಸು, ಬಿಡಿಭಾಗ ಮುಂದುವರಿಸುತ್ತೇವೆ ಅಂತ ಕಂಪನಿ ಆಗಲೇ ಹೇಳಿತ್ತು. ಫಿಲ್ಟರು, ಬ್ರೇಕ್ ಪ್ಯಾಡು, ಬೆಲ್ಟು ನನಗೆ ತಡವಿಲ್ಲದೆ ಸಿಕ್ಕಿವೆ. ಹೆಬ್ರಿ ಹತ್ತಿರ ಒಬ್ಬ ಬೈಕಿನವ ಎಡಗಡೆ ಕನ್ನಡಿ ಮುರಿದುಕೊಂಡು ಹೋದ. ಅದೊಂದು ಬರಲು ಹನ್ನೊಂದು ದಿನ ಆಯಿತು. ಅಲ್ಲಿಯತನಕ ಎಡಗಡೆ ನೋಡುವ ಕೆಲಸ ಅಮ್ಮನದ್ದು. "ಬಾ, ಬಾ, ಏನೂ ಇಲ್ಲ" ಅನ್ನುತ್ತಿದ್ದರು. ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಅದು.

ಇಷ್ಟೆಲ್ಲಾ ಸರಿ ಇದ್ದರೂ ಮೊದಲ ಮಳೆಗಾಲದಲ್ಲಿ ಈ ಬಾಗಿಲಿನ ಮೇಲೆ ಎಷ್ಟು ರೇಗಿದ್ದೇನೆ ಅಂದರೆ, ಆಗಸ್ಟಿನಲ್ಲಿ ಮಾರಲು ಫೋಟೋ ತೆಗೆದಿದ್ದೆ. ಪೇಟೆಯಲ್ಲಿ ಯಾರಾದರೂ ಹಿಂದೆ ಅಂಟಿಸಿ ನಿಲ್ಲಿಸಿದರೆ ಮುಗೀತು, ದಿನಸಿ ಎಲ್ಲಾ ಹಿಂದಿನ ಸೀಟಿಗೆ. ರಸ್ತೆಯ ಎಡಕ್ಕೆ ನಿಲ್ಲಿಸಿದರೆ ಬಾಗಿಲು ಅಂಗಡಿ ಕಡೆಗೆ ಅಡ್ಡ ನಿಲ್ಲುತ್ತದೆ. ಚೀಲ ಹೊತ್ತ ಹುಡುಗ ಬಾಗಿಲನ್ನು ಸುತ್ತಿ ರಸ್ತೆ ಕಡೆಯಿಂದ ಬರಬೇಕು. ಹಿಡಿ ಎಲ್ಲಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಡಿಕ್ಕಿ ತೆಗಿ ಅಂದರೆ ಎಲ್ಲರೂ ಸ್ಟೆಪ್ನಿಯ ಕೆಳಗೆ ತಡಕಾಡುತ್ತಾರೆ. ಇಳಿಜಾರಿನಲ್ಲಿ ತೆಗೆದಾಗ ಕೈ ಬಿಡಬೇಡಿ, ಸ್ಟೆಪ್ನಿಯ ಭಾರ ಇದೆ.

ಫೋಟೋ ತೆಗೆದದ್ದು ಅಮ್ಮನಿಗೆ ಗೊತ್ತಾಯಿತು. "ಮಾರೋದು ಯಾಕೋ? ನನಗೆ ಇದೇ ಸರಿ. ಬೀರು ಬಾಗ್ಲು ಇದ್ದಂಗಿದೆ."

ಆಮೇಲೆ ಗಮನಿಸಿದೆ. ಅಮ್ಮ ಐದಡಿಯೂ ಇಲ್ಲ. ಆಲ್ಟೊದ ಡಿಕ್ಕಿ ಮೇಲೆ ಹೋಯಿತು ಅಂದರೆ ಅವರ ಕೈಗೆ ಸಿಗುತ್ತಿರಲಿಲ್ಲ, ಮುಚ್ಚಲು ನನ್ನನ್ನೇ ಕೂಗಬೇಕು. ಇದನ್ನು ಅವರೇ ತೆಗೆಯುತ್ತಾರೆ, ಅವರೇ ತಳ್ಳಿ ಮುಚ್ಚುತ್ತಾರೆ. ಎಲೆಅಡಿಕೆ ಡಬ್ಬಿ, ನೀರಿನ ಸ್ಟೀಲ್ ಬಾಟಲಿ, ಒಂದು ಸ್ವೆಟರ್, ರಿಪೋರ್ಟಿನ ಪ್ಲಾಸ್ಟಿಕ್ ಕವರು, ಎಲ್ಲಕ್ಕೂ ಡಿಕ್ಕಿಯಲ್ಲಿ ಜಾಗ ಗೊತ್ತು ಮಾಡಿದ್ದಾರೆ. ಮುಂದೆ ಬಂದು ಸೀಟಿಗೆ ಬೆನ್ನು ಮಾಡಿ ನಿಂತು, ಹಾಗೇ ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ಎಳೆದುಕೊಳ್ಳುತ್ತಾರೆ. ಮಂಡಿ ಬಗ್ಗಿಸಬೇಕಿಲ್ಲ, ಹತ್ತಬೇಕಿಲ್ಲ. ಆಗುಂಬೆಯಲ್ಲಿ ಮಂಜು ಮುಸುಕಿದ ದಿನ ಚೆಕ್‌ಪೋಸ್ಟ್ ದಾಟಿ ನಿಲ್ಲಿಸಿದರೆ, ನಾನು ಟೀ ತರುವಷ್ಟರಲ್ಲಿ ಅಮ್ಮ ಹಿಂದೆ ಹೋಗಿ ಬಾಗಿಲು ತೆಗೆದು ಎಲೆಗೆ ಸುಣ್ಣ ಹಚ್ಚುತ್ತಿರುತ್ತಾರೆ. ಬಾಗಿಲು ಎಡಗಡೆಯಿಂದ ಬರುವ ಗಾಳಿಗೆ ಅಡ್ಡ.

ಫೋಟೋ ಅಳಿಸಿದೆ.

ಹೋದ ಮೇ ತಿಂಗಳಲ್ಲಿ ಶೆಡ್ಡಿನ ಮುಂದೆ ಎರಡು ಜಿಐ ಪೈಪು ನಿಲ್ಲಿಸಿ, ತಗಡನ್ನು ಮೂರೂವರೆ ಅಡಿ ಮುಂದಕ್ಕೆ ಹಾಕಿಸಿದೆ. ಕೂಲಿ ಸೇರಿ ಆರು ಸಾವಿರದ ನಾನೂರು. ಮೊದಲನೇ ಮಳೆಗೆ ಗೇಟು ತೆಗೆದೆ, ಅಲ್ಲೇ ನಿಂತು ಬಾಗಿಲು ತೆಗೆದೆ. ಒಂದು ಹನಿ ಒಳಗೆ ಬರಲಿಲ್ಲ. ಹೆಂಡತಿ ಹೊರಗೆ ಬಂದು ನೋಡಿ "ಚೆನ್ನಾಗಾಯ್ತು" ಅಂದಳು. ಮಾರನೇ ದಿನದಿಂದ ಆ ತಗಡಿನ ಕೆಳಗೆ ಅವಳ ಸ್ಕೂಟಿ ನಿಲ್ಲುತ್ತಿದೆ. ಮಣಿಪಾಲಕ್ಕೆ ಹೊರಡುವ ದಿನ ಐದೂ ಮುಕ್ಕಾಲಕ್ಕೆ ಎದ್ದು ನಾನು ಮೊದಲು ಸ್ಕೂಟಿಯನ್ನು ಮಳೆಗೆ ತಳ್ಳುತ್ತೇನೆ.