ಉಳಿಯುವುದೋ, ಹೊರಡುವುದೋ: ಯುವ ವಿಂಗರ್‌ನ ಮುಂದಿರುವ ಎರಡು ದಾರಿ

ಫುಟ್‌ಬಾಲ್‌ನಲ್ಲಿ ಹದಿನೇಳರ ವಿಂಗರ್‌ಗೆ, ಅಂದರೆ ಮೈದಾನದ ಅಂಚಿನಿಂದ ದಾಳಿ ಮಾಡುವ ಆಟಗಾರನಿಗೆ, ದೊಡ್ಡ ಕ್ಲಬ್ಬಿನ ಅಕಾಡೆಮಿಯಲ್ಲೇ ಉಳಿಯುವುದು ಲೇಸೋ, ಆಡಲು ಬಿಡುವ ಕಡೆ ಹೋಗುವುದು ಲೇಸೋ? ಇಂಗ್ಲೆಂಡಿನ ವಿಂಗರ್‌ಗಳಾದ ಜೇಡನ್ ಸ್ಯಾಂಚೊ ಮತ್ತು ಬುಕಾಯೊ ಸಾಕಾ ಅವರ ಆರಂಭದ ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

ಸ್ಯಾಂಚೊ 2017ರಲ್ಲಿ ಮ್ಯಾಂಚೆಸ್ಟರ್ ಸಿಟಿ ಬಿಟ್ಟು ಜರ್ಮನಿಯ ಬೊರುಸಿಯಾ ಡಾರ್ಟ್‌ಮುಂಡ್ ಸೇರಿದರು. 2018-19ರಲ್ಲಿ ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲಿಗಾದಲ್ಲಿ 12 ಗೋಲು, 14 ಅಸಿಸ್ಟ್ (ಗೋಲಿಗೆ ದಾರಿಮಾಡಿದ ಪಾಸ್). ಎದುರಾಳಿಯನ್ನು ಒಂಟಿಯಾಗಿ ಎದುರಿಸಿ ದಾಟುವ ಅವರ ಕಲೆಗೆ ಅಲ್ಲಿನ ವೇಗದ ಪ್ರತಿದಾಳಿ ಹೇಳಿ ಮಾಡಿಸಿದಂತಿತ್ತು. ಆದರೆ ಹೊಸ ಭಾಷೆ, ಮನೆಯಿಂದ ದೂರ. ಆ ವಯಸ್ಸಿಗೆ ಇದು ಸಣ್ಣ ಹೊರೆಯಲ್ಲ. 2021ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದಾಗ ಅದೇ ಲಯ ಸಿಗಲಿಲ್ಲ. ಒಂದು ತಂಡದ ಪದ್ಧತಿಯಲ್ಲಿ ಅರಳಿದ ಆಟ ಇನ್ನೊಂದರಲ್ಲೂ ಅರಳಬೇಕೆಂದಿಲ್ಲ.

ಸಾಕಾ ಬಾಲ್ಯದಿಂದ ಬೆಳೆದ ಲಂಡನ್ನಿನ ಆರ್ಸೆನಲ್ ಕ್ಲಬ್ಬಿನಲ್ಲೇ ಉಳಿದರು. 2018ರ ನವೆಂಬರ್‌ನಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್‌ನಲ್ಲಿ ಹಿರಿಯರ ತಂಡಕ್ಕೆ ಮೊದಲ ಪಂದ್ಯ. 2019-20ರಲ್ಲಿ ಗಾಯಗಳಿಂದ ಜಾಗ ಖಾಲಿಯಾದಾಗ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ರಕ್ಷಣಾ ಆಟಗಾರನಾಗಿ ಆಡಿದರು. ವಿಂಗರ್‌ಗೆ ಇದು ಹಿಂಬಡ್ತಿಯಂತೆ ಕಾಣಬಹುದು. ನನಗಂತೂ ಅದೇ ಅವರ ನಿಜವಾದ ಪಾಠಶಾಲೆ. ಮೈದಾನದ ನಿಮಿಷಗಳೂ ಸಿಕ್ಕವು, ರಕ್ಷಣೆಯ ಶಿಸ್ತೂ ಬಂತು. ಆಮೇಲೆ ಬಲ ವಿಂಗ್ ಅವರದೇ ಆಯಿತು.

ಕೋಚ್ ಯುವಕರನ್ನು ನಿಜವಾಗಿ ಕಣಕ್ಕಿಳಿಸುತ್ತಿದ್ದರೆ, ನೀವು ಬೇರೆ ಸ್ಥಾನದಲ್ಲೂ ಆಡಲು ಸಿದ್ಧರಿದ್ದರೆ ಉಳಿಯಿರಿ. ನಿಮ್ಮ ಸ್ಥಾನದಲ್ಲಿ ಇಪ್ಪತ್ತೈದರ ಒಳಗಿನ ಇಬ್ಬರು ಗಟ್ಟಿ ಆಟಗಾರರು ದೀರ್ಘ ಒಪ್ಪಂದದಲ್ಲಿದ್ದರೆ ಹೊರಡಿ. ಸಂಬಳಕ್ಕಿಂತ ಮೊದಲು ನಿಮಿಷಗಳ ಬಗ್ಗೆ ಕೇಳಿ. ಲೋನ್, ಅಂದರೆ ಸ್ವಲ್ಪ ಕಾಲ ಬೇರೆ ಕ್ಲಬ್ಬಿಗೆ ಎರವಲಾಗಿ ಹೋಗಿ ಆಡುವುದು, ನಡುವಿನ ದಾರಿ, ಆದರೆ ಅಲ್ಲಿನ ಕೋಚ್ ನಿಮ್ಮನ್ನು ತಾನಾಗಿಯೇ ಬಯಸಿದ್ದರೆ ಮಾತ್ರ.