ಎರಡು ಮಳೆಗಾಲ ದಾಟಿದ ಬಟ್ಟೆಗಳು: ಮಡಿಕೇರಿ ಕಡೆಯಿಂದ ಒಂದು ದೀರ್ಘಾವಧಿ ವಿಮರ್ಶೆ

ಆನ್‌ಲೈನ್ ಮಳಿಗೆಗಳಲ್ಲಿ ಬಟ್ಟೆಗಳ ಬಗ್ಗೆ ಕಾಣುವ ವಿಮರ್ಶೆಗಳಲ್ಲಿ ಹೆಚ್ಚಿನವು ಪೊಟ್ಟಣ ಒಡೆದ ವಾರದೊಳಗೆ ಬರೆದವು. ಬಣ್ಣ ಚಿತ್ರದಲ್ಲಿದ್ದಂತೆಯೇ ಇದೆ, ಅಳತೆ ಸರಿಯಾಗಿದೆ, ಕೊಟ್ಟ ಹಣಕ್ಕೆ ಮೋಸವಿಲ್ಲ ಎಂಬಲ್ಲಿಗೆ ಅವು ಮುಗಿಯುತ್ತವೆ. ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯ ಸುತ್ತಮುತ್ತ ವಾಸಿಸುವವರಿಗೆ ಅಂಥ ವಿಮರ್ಶೆಯಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ಕನಿಷ್ಠ ಎರಡು ಸಲ ಕಾಣದ ಹೊರತು ಇಲ್ಲಿ ಯಾವ ಉಡುಪಿನ ಗುಣವನ್ನೂ ಹೇಳುವಂತಿಲ್ಲ. ಬಟ್ಟೆ ಕೊಳ್ಳುವುದನ್ನು ಕಡಿಮೆ ಮಾಡಬೇಕೆಂದು ಕೆಲವು ವರ್ಷಗಳ ಹಿಂದೆ ನಿಶ್ಚಯಿಸಿದಂದಿನಿಂದ, ತೋಟದ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಗಳಲ್ಲಿ ನಾನು ಕೊಂಡ ಪ್ರತಿಯೊಂದು ಉಡುಪಿನ ವಿವರ, ಬೆಲೆ ಮತ್ತು ಕೊಂಡ ತಿಂಗಳನ್ನು ಬರೆದಿಡುತ್ತಿದ್ದೇನೆ. ಅದು ಬಳಕೆಯಿಂದ ಹೊರಬಿದ್ದಾಗ ಅದರ ಕಾರಣವನ್ನೂ ಎದುರಿಗೆ ನಮೂದಿಸುತ್ತೇನೆ. ಈ ಬರಹಕ್ಕೆ ಆ ಹಾಳೆಗಳೇ ಆಧಾರ.

ಕಾರಣದ ಕಾಲಮನ್ನು ಮೇಲಿನಿಂದ ಕೆಳಗಿನವರೆಗೆ ಓದಿದರೆ ‘ಹರಿಯಿತು’ ಎಂಬ ಪದ ಅಪರೂಪಕ್ಕೊಮ್ಮೆ ಸಿಗುತ್ತದೆ. ಉಳಿದದ್ದೆಲ್ಲ ಬೂಷ್ಟು, ಮುಗ್ಗಲು ವಾಸನೆ, ಲೇಪ ಕಿತ್ತದ್ದು. ಕೊಂಡ ತಿಂಗಳುಗಳನ್ನು ನೋಡಿದರೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಹುತ್ತರಿಗೆ, ಮದುವೆಗಳಿಗೆ ಕೊಂಡದ್ದಕ್ಕಿಂತ ಜುಲೈ ಮತ್ತು ಆಗಸ್ಟ್‌ನಲ್ಲಿ ಕೊಂಡದ್ದೇ ಹೆಚ್ಚು, ಮತ್ತು ಅವುಗಳಲ್ಲಿ ಬಹುಪಾಲು ನಾಳೆ ಶಾಲೆಯ ಕೆಲಸಕ್ಕೆ ಉಟ್ಟುಕೊಂಡು ಹೋಗಲು ಒಣಗಿದ ಬಟ್ಟೆ ಇಲ್ಲವೆಂಬ ಒಂದೇ ಕಾರಣಕ್ಕೆ ಕೊಂಡವು. ಕಡಿಮೆ ಕೊಳ್ಳಬೇಕೆನ್ನುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ, ಅಂದರೆ ಮೂವತ್ತೋ ನಲವತ್ತೋ ಉಡುಪುಗಳನ್ನು ಇಟ್ಟುಕೊಂಡು ಉಳಿದದ್ದನ್ನು ಕೊಟ್ಟುಬಿಡಿ ಎಂಬುದು, ಬೆಳಿಗ್ಗೆ ಒಗೆದದ್ದು ಸಂಜೆಯೊಳಗೆ ಗರಿಗರಿಯಾಗಿ ಒಣಗುವ ಊರಿನವರು ಹೇಳಿದ ಮಾತು. ನಮ್ಮಲ್ಲಿ ಆಷಾಢದ ಮಳೆ ಹಿಡಿದರೆ ಒಂದು ಹತ್ತಿಯ ಕುರ್ತಾ ಒಣಗಲು ಮೂರರಿಂದ ನಾಲ್ಕು ದಿನ ಬೇಕು. ದಿನವೂ ಕೆಲಸಕ್ಕೆ ಹೋಗುವವರಿಗೆ ಎಷ್ಟು ಜೊತೆ ಬೇಕೆಂಬುದು ಮನಸ್ಸಿನ ಸಂಯಮಕ್ಕಿಂತ ಹಗ್ಗದ ಮೇಲೆ ಬಟ್ಟೆ ಎಷ್ಟು ದಿನ ನೇತಾಡುತ್ತದೆ ಎಂಬುದರ ಮೇಲೆಯೇ ಹೆಚ್ಚು ನಿಂತಿದೆ.

ಮೊದಲು ಹತ್ತಿಯ ಕುರ್ತಾಗಳು. ಕುಶಾಲನಗರದಲ್ಲಿರುವ ಅಕ್ಕನೂ ನಾನೂ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಬಗೆಯ ದಪ್ಪ ಕೈಮಗ್ಗದ ಕುರ್ತಾಗಳನ್ನು ಕೊಂಡಿದ್ದೆವು. ನಮ್ಮ ಮನೆಗಳ ನಡುವೆ ಇರುವುದು ಮೂವತ್ತು ಕಿಲೋಮೀಟರಿನಷ್ಟು ದಾರಿ. ಆದರೆ ಅಲ್ಲಿ ಬೀಳುವ ಮಳೆ ಮಡಿಕೇರಿಯ ಅರ್ಧಕ್ಕಿಂತಲೂ ಕಡಿಮೆ. ಅಕ್ಕ ಅವುಗಳನ್ನು ಇಂದಿಗೂ ಉಡುತ್ತಾರೆ, ಬಣ್ಣ ತುಸು ಮಾಸಿದ್ದು ಬಿಟ್ಟರೆ ದೂರು ಏನೂ ಇಲ್ಲ. ನನ್ನವು ಎರಡನೆಯ ಮಳೆಗಾಲದಲ್ಲಿಯೇ ನೆಲ ಒರೆಸಲು ಹೋದವು. ಕಪ್ಪು ಚುಕ್ಕೆಗಳು ಮೊದಲು ಎದ್ದದ್ದು ಬಟ್ಟೆ ಎರಡು ಮೂರು ಪದರವಾಗುವ ಜಾಗಗಳಲ್ಲಿ: ಕತ್ತಿನ ಪಟ್ಟಿಯ ಒಳಗೆ, ಗುಂಡಿಪಟ್ಟಿಯ ಕೆಳತುದಿಯಲ್ಲಿ, ತೋಳಿನ ಅಂಚನ್ನು ಒಳಕ್ಕೆ ಮಡಚಿ ಹೊಲಿದ ಕಡೆ. ಮೈಭಾಗ ಒಣಗಿದೆಯೆಂದು ಮಡಚಿಟ್ಟರೂ ಆ ಜಾಗಗಳು ಒಳಗಿಂದ ತಣ್ಣಗೇ ಇರುತ್ತವೆ. ಕೈಗೆ ಗೊತ್ತಾಗದಿದ್ದರೆ ಕೆನ್ನೆಗೆ ಒತ್ತಿ ನೋಡಿದಾಗ ಗೊತ್ತಾಗುತ್ತದೆ.

ಹತ್ತಿ ಎಂದರೆ ಬಹುಪಾಲು ಸೆಲ್ಯುಲೋಸ್, ಮತ್ತು ಬೂಷ್ಟಿಗೆ ಅದು ಆಹಾರ. ಗಾಳಿಯ ತೇವಾಂಶ ಶೇ 65 ಇರುವಾಗಲೇ ‘ಒಣಗಿದ’ ಹತ್ತಿ ತನ್ನ ತೂಕದ ಶೇ 8ರಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಪಾಲಿಯೆಸ್ಟರ್‌ನಲ್ಲಿ ಅದು ಶೇ ಅರ್ಧದಷ್ಟೂ ಇರುವುದಿಲ್ಲ. ನಮ್ಮ ಜುಲೈ ಗಾಳಿ ಶೇ 65ನ್ನು ಕನಸಿನಲ್ಲಿಯೂ ಕಾಣುವುದಿಲ್ಲವಾದ್ದರಿಂದ ಹತ್ತಿಯಲ್ಲಿ ಉಳಿಯುವ ನೀರು ಇನ್ನೂ ಹೆಚ್ಚು. ಇದರ ಮೇಲೆ ಗಂಜಿ ಹಾಕಿದರಂತೂ ಬೂಷ್ಟಿಗೆ ಊಟದ ಜೊತೆ ಪಾಯಸವನ್ನೂ ಬಡಿಸಿದ ಹಾಗೆ. ಕಾಟನ್ ಸೀರೆಗಳಿಗೆ ಗಂಜಿ ಹಾಕಿಯೇ ಉಡಬೇಕೆನ್ನುವವರು ಮೇ ತಿಂಗಳಲ್ಲಿ ಗಂಜಿಯೆಲ್ಲ ಹೋಗುವಂತೆ ಒಮ್ಮೆ ಒಗೆದು, ಬಿಸಿಲಲ್ಲಿ ಒಣಗಿಸಿ ಎತ್ತಿಡಬೇಕು.

ಈಗ ನಾನು ಕೊಳ್ಳುವುದು ತೆಳು ಹತ್ತಿಯ, ಲೈನಿಂಗ್ ಇಲ್ಲದ, ಕತ್ತಿನ ಪಟ್ಟಿಯೊಳಗೆ ಕ್ಯಾನ್ವಾಸ್ ಇಡದ ಕುರ್ತಾಗಳನ್ನು ಮಾತ್ರ. ಕ್ಯಾನ್ವಾಸ್ ಬೇಡವೆಂದು ಹೇಳಿದರೆ ಟೈಲರ್ ಮೊದಲು ಒಪ್ಪುವುದಿಲ್ಲ, ಕತ್ತು ಕುಳಿತುಕೊಳ್ಳುವುದಿಲ್ಲ ಎನ್ನುತ್ತಾರೆ; ಅದು ನಿಜವೂ ಹೌದು, ಆದರೆ ತುಸು ಸುಕ್ಕಾದ ಕತ್ತು ಚುಕ್ಕೆ ಬಿದ್ದ ಕತ್ತಿಗಿಂತ ವಾಸಿ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರಕೆಯ ಬಟ್ಟೆಯನ್ನು ಶುದ್ಧ ಹತ್ತಿಯ ಅಭಿಮಾನಿಗಳು ಕೀಳಾಗಿ ಕಾಣುತ್ತಾರೆ. ಶಾಲೆಗೆ ಉಡುವ ಬೆರಕೆಯ ಕುರ್ತಾಗಳು ನನ್ನ ಪುಸ್ತಕದಲ್ಲಿ ಅತಿ ಹೆಚ್ಚು ಕಾಲ ಉಳಿದ ಸಾಲುಗಳು ಎಂಬುದನ್ನು ಅವರ ಗಮನಕ್ಕೆ ತರುತ್ತೇನೆ. ಮಾರ್ಚ್, ಏಪ್ರಿಲ್‌ನ ಸೆಕೆಯಲ್ಲಿ ಅವು ಮೈಗೆ ಹಿತವಲ್ಲ, ಬೆವರಿನ ವಾಸನೆಯನ್ನೂ ಬೇಗ ಹಿಡಿಯುತ್ತವೆ. ಅಷ್ಟು ಅವುಗಳ ಕೊರತೆ.

ಮಳೆ ಕೋಟಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಹೆಚ್ಚು ಹಣ ಹೋದದ್ದು ಅಲ್ಲಿ. ಚಾರಣಕ್ಕೆ ಹೋಗುವವರು ಧರಿಸುವ ಬಗೆಯ, ಸುಮಾರು 3500 ರೂಪಾಯಿಯ ಹಗುರವಾದ ಜರ್ಕಿನ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಹೊರಗೆ ನೈಲಾನ್, ಒಳಬದಿಗೆ ಪಾಲಿಯೂರಿಥೇನ್ ಲೇಪ, ಹೊಲಿಗೆಗಳ ಮೇಲೆ ಬಿಸಿ ಮಾಡಿ ಅಂಟಿಸಿದ ಟೇಪು. ಮೊದಲ ಮಳೆಗಾಲದಲ್ಲಿ ಒಂದು ಹನಿಯೂ ಒಳಗೆ ಬರಲಿಲ್ಲ; ಆಗ ವಿಮರ್ಶೆ ಬರೆದಿದ್ದರೆ ಐದು ನಕ್ಷತ್ರಗಳನ್ನೂ ಕೊಡುತ್ತಿದ್ದೆ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಬಂದ ಮೇಲೆ ತೊಳೆದು, ಒಣಗಿಸಿ, ಮಡಚಿ ಬೀರುವಿನಲ್ಲಿಟ್ಟೆ. ಮರುವರ್ಷ ಮೇ ಕೊನೆಗೆ ಬಿಡಿಸಿದಾಗ ಒಳಬದಿ ಬೆರಳಿಗೆ ಅಂಟುತ್ತಿತ್ತು, ಭುಜದ ಮಡಿಕೆಗಳಲ್ಲಿ ಲೇಪ ಎದ್ದು ಬಂದಿತ್ತು, ಟೇಪು ಉದ್ದಕ್ಕೂ ಸುಲಿದಿತ್ತು. ಕಂಪನಿಯ ಗ್ರಾಹಕ ಸೇವೆಯವರು ವಾರಂಟಿಯ ಅವಧಿ ಮುಗಿದಿದೆಯೆಂದೂ, ಇದು ಬಳಕೆಯಿಂದಾದ ಸಹಜ ಸವೆತವೆಂದೂ ಉತ್ತರಿಸಿದರು.

ಬಳಕೆಯಿಂದಾದ ಸವೆತ ಎಂಬುದು ಒಪ್ಪುವ ಮಾತಲ್ಲ. ಪಾಲಿಯೂರಿಥೇನ್ ಲೇಪಗಳಲ್ಲಿ ಹಲವು ಗಾಳಿಯ ತೇವದೊಡನೆ ನಿಧಾನವಾಗಿ ಪ್ರತಿಕ್ರಿಯಿಸಿ ತಾವೇ ಒಡೆಯುತ್ತವೆ, ಹಾಕಿಕೊಂಡರೂ ಒಡೆಯುತ್ತವೆ, ಬೀರುವಿನಲ್ಲಿ ಸುಮ್ಮನೆ ಇಟ್ಟರೂ ಒಡೆಯುತ್ತವೆ. ಮುಚ್ಚಿದ, ತೇವದ ಜಾಗದಲ್ಲಿಟ್ಟರೆ ಇನ್ನೂ ಬೇಗ. ಮದುವೆಗೆಂದು ಮಾತ್ರ ಹೊರತೆಗೆಯುವ ಶೂವಿನ ಅಡಿ ಚಪ್ಪರದ ಕೆಳಗೆ ನಡೆಯುವಾಗ ಪುಡಿಪುಡಿಯಾಗಿ ಉದುರುವುದನ್ನು ನಮ್ಮಲ್ಲಿ ಎಲ್ಲರೂ ಕಂಡಿದ್ದಾರೆ. ಅದೂ ಇದೇ ಕತೆ. ಒಳ್ಳೆಯದನ್ನು ಕೊಂಡು ಜೋಪಾನವಾಗಿಟ್ಟರೆ ಬಹುಕಾಲ ಬರುತ್ತದೆ ಎಂಬ ಲೆಕ್ಕಾಚಾರ ಈ ಒಂದು ಪದಾರ್ಥದ ಮಟ್ಟಿಗೆ ತಲೆಕೆಳಗು. ಜೋಪಾನ ಮಾಡಿದಷ್ಟೂ ನಷ್ಟ, ಕೊಂಡ ವರ್ಷದಿಂದಲೇ ಹಾಕಿ ತೀರಿಸಬೇಕು.

ಅದರ ಬದಲಿಗೆ ತೋಟದ ಕೆಲಸಕ್ಕೆ ಬೇಕಾದ ಗಮ್ ಬೂಟು, ಕತ್ತಿ, ಹಗ್ಗ ಮಾರುವ ಅಂಗಡಿಯಿಂದ ಸಾವಿರ ರೂಪಾಯಿಯೊಳಗಿನ ಪಿವಿಸಿ ಕೋಟು ಮತ್ತು ಪ್ಯಾಂಟ್ ತಂದೆ. ಇದು ಭಾರ, ನೋಡಲು ಚೆನ್ನಾಗಿಲ್ಲ, ಏರು ಹತ್ತುವಾಗ ಒಳಗೆ ಬೆವರಿ ಮಳೆಯಲ್ಲಿ ನೆನೆದಷ್ಟೇ ಒದ್ದೆಯಾಗುತ್ತೇವೆ. ಆದರೆ ತೇವದಿಂದ ಅದಕ್ಕೆ ಏನೂ ಆಗುವುದಿಲ್ಲ. ಮಡಚಿಟ್ಟರೆ ಚಳಿಗಾಲದಲ್ಲಿ ಬಿರುಸಾಗಿ ಮಡಿಕೆಯಲ್ಲಿ ಬಿರಿಯುತ್ತದೆಯಾದ್ದರಿಂದ ವರ್ಷವಿಡೀ ಗೂಟಕ್ಕೆ ತೂಗಿಹಾಕಿರುತ್ತೇನೆ. ಕೋಟು ಹಲವು ಮಳೆಗಾಲ ಕಂಡು ಇನ್ನೂ ಗಟ್ಟಿಯಾಗಿದೆ. ಪ್ಯಾಂಟ್ ಮಾತ್ರ ಸ್ಕೂಟರಿನ ಸೀಟಿಗೆ ತಾಗುವ ನಡುಹೊಲಿಗೆಯಲ್ಲಿ ಬಿಟ್ಟುಕೊಂಡಿತು. ಆ ಜಾಗದಲ್ಲಿ ನೀರು ನಿಲ್ಲುತ್ತದೆ, ಕುಳಿತ ಭಾರ ಅದನ್ನು ಹೊಲಿಗೆಯ ತೂತುಗಳ ಮೂಲಕ ಒಳಗೆ ಒತ್ತುತ್ತದೆ. ಕೊಳ್ಳುವಾಗ ಪ್ಯಾಂಟನ್ನು ತಿರುವಿ, ನಾಲ್ಕು ಹೊಲಿಗೆಗಳು ಕೂಡುವ ಆ ಜಾಗಕ್ಕೆ ಟೇಪು ಇದೆಯೋ ಇಲ್ಲವೋ ನೋಡಿಕೊಳ್ಳುವುದು ಅಗತ್ಯ.

ಸ್ವೆಟರ್‌ಗಳ ಬಗ್ಗೆ ಹೇಳುವುದು ಕಡಿಮೆ. ಬೈಲಕುಪ್ಪೆಯ ಕಡೆಯ ಅಂಗಡಿಗಳಲ್ಲಿಯೂ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿಯೂ ಉಣ್ಣೆಯೆಂದು ಮಾರುವುದರಲ್ಲಿ ಬಹಳಷ್ಟು ಅಕ್ರಿಲಿಕ್. ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಗೆ ಹಿಡಿದರೆ ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ. ಅಕ್ರಿಲಿಕ್ ಬೇಗ ಒಣಗುತ್ತದೆ, ಬೂಷ್ಟು ಹಿಡಿಯುವುದೂ ಕಡಿಮೆ, ಆದರೆ ಎರಡನೆಯ ವರ್ಷಕ್ಕೆ ಮೈಯೆಲ್ಲ ಗಂಟುಗಂಟಾಗಿ ಹೊರಗೆ ಹಾಕಿಕೊಂಡು ಹೋಗುವಂತಿರುವುದಿಲ್ಲ. ನನ್ನಲ್ಲಿರುವ ಒಂದೇ ಉಣ್ಣೆಯ ಸ್ವೆಟರ್ ಮೂರು ಅಕ್ರಿಲಿಕ್ ಸ್ವೆಟರ್‌ಗಳನ್ನು ಸವೆಯಿಸಿ ಉಳಿದಿದೆ. ಉಣ್ಣೆ ತನ್ನ ತೂಕದ ಶೇ 30ರಷ್ಟು ತೇವವನ್ನು ಹೀರಿದರೂ ಮೈಗೆ ಒದ್ದೆಯೆನಿಸುವುದಿಲ್ಲ. ಹಿಂದಿನವರು ಕಂಬಳಿ ಕೊಪ್ಪೆ ಹಾಕಿ ಇಡೀ ದಿನ ಗದ್ದೆಯಲ್ಲಿ ನಿಲ್ಲುತ್ತಿದ್ದದ್ದು ಸುಮ್ಮನೆ ಅಲ್ಲ.

ಮದುವೆಗಳಿಗೆ ಉಡುವುದು ಒಂದು ಮೈಸೂರು ರೇಷ್ಮೆ ಸೀರೆ, 1912ರಲ್ಲಿ ಆರಂಭವಾದ ಸರ್ಕಾರಿ ಕಾರ್ಖಾನೆಯದು. ಒಂದೇ ಬಣ್ಣದ ಒಡಲು, ಸಣ್ಣ ಜರಿ ಅಂಚು, ಯಾವ ವರ್ಷದ್ದೆಂದು ಯಾರೂ ಗುರುತಿಸಲಾರರು, ಆದ್ದರಿಂದ ಎಷ್ಟು ಸಲ ಉಟ್ಟರೂ ನಡೆಯುತ್ತದೆ. ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೆಯ ಮಲ್ ಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸುವುದಷ್ಟೇ ಅದಕ್ಕೆ ಬೇಕಾದ ಆರೈಕೆ. ಈ ವಿಷಯದಲ್ಲಿ ನಮ್ಮ ಯಜಮಾನರೇ ಭಾಗ್ಯವಂತರು. ತಂದೆಯಿಂದ ಬಂದ ಕಪ್ಪು ಕುಪ್ಯ ಎಂಬ ಕೊಡವರ ನಿಲುವಂಗಿ, ಸೊಂಟಕ್ಕೆ ಸುತ್ತುವ ಕೆಂಪು ಚೇಲೆ; ಹಬ್ಬವಿರಲಿ, ಮದುವೆಯಿರಲಿ, ಇನ್ನೊಂದನ್ನು ಕೊಳ್ಳುವ ಪ್ರಶ್ನೆಯೇ ಅವರಿಗೆ ಬಂದಿಲ್ಲ.

ಖರೀದಿಯನ್ನು ನಿಜವಾಗಿ ತಗ್ಗಿಸಿದ್ದು ಒಣಗಿಸುವ ವ್ಯವಸ್ಥೆ. ಬಚ್ಚಲಿನ ಹಂಡೆ ಒಲೆಯ ಮೇಲ್ಭಾಗದಲ್ಲಿ, ಹೊಗೆ ನೇರವಾಗಿ ತಾಗದ ಎತ್ತರದಲ್ಲಿ, ಎರಡು ಸಾಲು ತಂತಿ ಕಟ್ಟಿಸಿದೆವು. ಸಂಜೆ ಒಲೆ ಉರಿದು ಕೆಂಡವಾದ ಮೇಲೆ ಬಟ್ಟೆ ಹಾಕಿದರೆ ಬೆಳಗಾಗುವಷ್ಟರಲ್ಲಿ ತೆಳು ಬಟ್ಟೆಗಳು ಒಣಗಿರುತ್ತವೆ, ಹೊಗೆಯ ವಾಸನೆಯೂ ಹೆಚ್ಚು ಹತ್ತುವುದಿಲ್ಲ. ವಾಷಿಂಗ್ ಮಷೀನಿನಲ್ಲಿ ಎರಡನೆಯ ಬಾರಿ ಸ್ಪಿನ್ ಹಾಕಿದರೆ ಒಣಗುವ ಹೊತ್ತು ಗಮನಾರ್ಹವಾಗಿ ಇಳಿಯುತ್ತದೆ, ಕರೆಂಟ್ ಇದ್ದರೆ. ಗಾಳಿಮಳೆಗೆ ಮರ ಬಿದ್ದು ಲೈನ್ ತುಂಡಾದ ವಾರದಲ್ಲಿ ಹಂಡೆ ಒಲೆಯೇ ಗತಿ.

ಬೀರುವಿನ ಮಟ್ಟಿಗೆ, ನುಸಿ ಗುಳಿಗೆಯಿಂದ ಬೂಷ್ಟು ನಿಲ್ಲುವುದಿಲ್ಲ; ಅದು ಹುಳುವಿಗೆ ಮದ್ದು, ಶಿಲೀಂಧ್ರಕ್ಕಲ್ಲ. ಹಿಂದೆ ಮರದ ಬೀರುಗಳ ಒಳಗೆ ಮಳೆಗಾಲದಲ್ಲಿ ಒಂದು ಸಣ್ಣ ಹಳದಿ ಬಲ್ಬು ಉರಿಸಿಡುತ್ತಿದ್ದರು. ಒಳಗಿನ ಗಾಳಿ ತುಸು ಬಿಸಿಯಾದರೂ ಸಾಪೇಕ್ಷ ತೇವಾಂಶ ಇಳಿಯುತ್ತದೆ, ಬೂಷ್ಟು ಏಳುವುದಿಲ್ಲ. ಎಲ್‌ಇಡಿ ಬಲ್ಬಿನಿಂದ ಆ ಕೆಲಸ ಆಗದು, ಅದು ಬಿಸಿಯಾಗುವುದು ಅಷ್ಟು ಕಡಿಮೆ. ಹಳೆಯ ಬಲ್ಬನ್ನು ಬಟ್ಟೆಗೆ ತಾಗುವಂತೆ ಇಟ್ಟರೆ ಬೆಂಕಿಯ ಭಯ. ಹೀಗಾಗಿ ನಾನು ಬಳಸುವುದು ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ತೇವ ಹೀರುವ ಡಬ್ಬಿಗಳನ್ನು. ಹರಳುಗಳು ಕರಗಿ ತಳದಲ್ಲಿ ನೀರು ತುಂಬಿದಾಗ ಬದಲಿಸಬೇಕು. ಆ ನೀರು ರೇಷ್ಮೆಯ ಮೇಲೆ ಚೆಲ್ಲಿದರೆ ಕಲೆ ಹೋಗುವುದಿಲ್ಲವಾದ್ದರಿಂದ ಡಬ್ಬಿಯ ಜಾಗ ಕೆಳಗಿನ ಅರೆಯಲ್ಲಿ. ಬಾಗಿಲು ಸರಿಯಾಗಿ ಮುಚ್ಚದ ಬೀರುವಿನಲ್ಲಿ ಅವು ದಂಡ.

ಬೆಲೆಯ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿಯವರೆಗಿನ ಸಿದ್ಧ ಉಡುಪುಗಳಿಗೆ ಜಿಎಸ್‌ಟಿ ಶೇ 5, ಅದಕ್ಕೆ ಮೇಲ್ಪಟ್ಟವಕ್ಕೆ ಶೇ 18. ಹಿಂದೆ 1000 ರೂಪಾಯಿ ದಾಟಿದರೆ ಶೇ 12 ಇತ್ತು. ಸಾವಿರದಿಂದ ಎರಡೂವರೆ ಸಾವಿರದ ನಡುವಿನ, ಹೊಲಿಗೆ ಗಟ್ಟಿಯಿರುವ ಬಟ್ಟೆಗಳು ಇದರಿಂದ ಅಗ್ಗವಾದವು, ಒಳ್ಳೆಯ ಉಣ್ಣೆ ಮಾತ್ರ ತುಟ್ಟಿಯಾಯಿತು. ಕಡಿಮೆ ಕೊಳ್ಳುವವರ ಹಣ ಹೋಗುವುದು ಹೆಚ್ಚಾಗಿ ಈ ಮಧ್ಯದ ಬೆಲೆಯ ಬಟ್ಟೆಗಳಿಗೇ ಆದ್ದರಿಂದ, ಮೂರು ಅಗ್ಗದ ಕುರ್ತಾಗಳ ಬದಲು ಒಂದನ್ನು ಆರಿಸುವುದು ಮೊದಲಿಗಿಂತ ಸುಲಭ.

ಈ ವರ್ಷ ಪುಸ್ತಕದಲ್ಲಿ ಕೊಳ್ಳಬೇಕೆಂದು ಬರೆದಿರುವುದು ಸ್ಕೂಟರಿಗೆ ಒಂದು ಪಿವಿಸಿ ಪ್ಯಾಂಟ್, ಬೇರೇನೂ ಇಲ್ಲ. ಕೋಟು ಸರಿಯಿರುವುದರಿಂದ ಪ್ಯಾಂಟ್ ಮಾತ್ರ ಬೇಕೆಂದರೆ ಹೆಚ್ಚಿನ ಅಂಗಡಿಗಳಲ್ಲಿ ಜೊತೆಯಾಗಿಯೇ ಕೊಳ್ಳಬೇಕೆನ್ನುತ್ತಾರೆ. ತೋಟದ ಸಾಮಾನಿನ ಅಂಗಡಿಯವರು ಬಿಡಿಯಾಗಿ ಕೊಡಲು ಒಪ್ಪಿದ್ದಾರೆ. ಅದನ್ನು ಮೇ ಮಧ್ಯದೊಳಗೆ ತರಬೇಕು. ಜೂನ್ ಮೊದಲ ಮಳೆ ಬಿದ್ದ ಮೇಲೆ ಹೋದರೆ ಸಿಗುವುದು ತೀರ ಚಿಕ್ಕದು ಇಲ್ಲವೇ ತೀರ ದೊಡ್ಡದು, ಮತ್ತು ಆಗ ಚೌಕಾಸಿಗೂ ಅವಕಾಶವಿರುವುದಿಲ್ಲ.