ಏಷ್ಯನ್ ತಿಂಡಿಗೆ ಹೋದರೆ ಮೊದಲು ಕಾಂಜಿ ಹೇಳಿ

ಎರಡು ತಿಂಗಳಿಂದ ಭಾನುವಾರ ಬೆಳಗ್ಗೆ ನಾನು, ನನ್ನ ತಂಗಿ ಇಬ್ಬರೂ ಏಷ್ಯನ್ ತಿಂಡಿ ಸಿಗುವ ಜಾಗಗಳನ್ನು ಹುಡುಕಿಕೊಂಡು ಹೋಗುತ್ತಿದ್ದೇವೆ. ನಾಲ್ಕು ಕಡೆ ತಿಂದೆವು. ಮೂರಕ್ಕೆ ಮತ್ತೆ ಹೋಗುತ್ತೇವೆ. ನಾಲ್ಕನೆಯದಕ್ಕೆ ಖಂಡಿತ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ಏಳೇ ಮೇಜುಗಳ ಒಂದು ಚೈನೀಸ್ ಅಂಗಡಿ. ಅಲ್ಲಿ ಕಾಂಜಿ ತಿನ್ನಲೇಬೇಕು. ಕಾಂಜಿ ಅಂದರೆ ಅಕ್ಕಿ ಗಂಜಿ, ಆ ಹೆಸರು ಇಂಗ್ಲಿಷಿಗೆ ಹೋದದ್ದೂ ತಮಿಳಿನ ಕಂಜಿಯಿಂದಲೇ. ಒಂದು ಲೋಟ ಅಕ್ಕಿಗೆ ಎಂಟು ಹತ್ತು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಬೇಕು, ಆಗ ಅಗುಳು ಒಡೆದು ಅಕ್ಕಿ ಯಾವುದು ನೀರು ಯಾವುದು ಗೊತ್ತಾಗದಷ್ಟು ಹೊಂದಿಕೊಳ್ಳುತ್ತದೆ. ಅವಸರ ಮಾಡಿದರೆ ಅಗುಳು ತಳದಲ್ಲಿ, ನೀರು ಮೇಲೆ. ಇವರದು ಸರಿಯಾಗಿ ಬೆಂದಿತ್ತು. ಮೇಲೆ ಶುಂಠಿಯ ಎಳೆ, ಈರುಳ್ಳಿ ಸೊಪ್ಪು, ಬಿಳಿ ಮೆಣಸಿನ ಪುಡಿ, ಅಷ್ಟೇ. ಸುಣ್ಣ, ಬೂದಿ, ಉಪ್ಪಿನಲ್ಲಿ ವಾರಗಟ್ಟಲೆ ಇಟ್ಟ ಬಾತುಕೋಳಿ ಮೊಟ್ಟೆ ಹಾಕಿದ್ದೂ ಇದೆ. ಅದರ ಬಿಳಿ ಭಾಗ ಕಂದು ಜೆಲ್ಲಿಯ ಹಾಗಾಗಿರುತ್ತದೆ, ನೋಡಿದರೆ ಸ್ವಲ್ಪ ಹೆದರಿಕೆ ಆಗುತ್ತದೆ, ಆದರೆ ತಂಗಿ ಒಂದು ಚೂರು ಬಿಡದೆ ತಿಂದಳು. ಜೊತೆಗೆ ಯೂಟಿಯಾವ್ ಹೇಳಿ. ಮೈದಾ ಹಿಟ್ಟಿನ ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಒತ್ತಿ, ಎಳೆದು ಕರಿದಿರುತ್ತಾರೆ. ಬಿಸಿ ಇರುವಾಗಲೇ ಮುರಿದು ಕಾಂಜಿಯಲ್ಲಿ ಅದ್ದಿ ತಿನ್ನಬೇಕು. ಆರಿದರೆ ನಾರಿನ ಹಾಗೆ ಜಗ್ಗುತ್ತದೆ.

ವಿಯೆಟ್ನಾಂ ಅಂಗಡಿಯ ಫೋ, ಅಂದರೆ ಬಿಸಿ ಸಾರಿನಲ್ಲಿ ಕೊಡುವ ಅಕ್ಕಿ ನೂಡಲ್ಸ್, ಕೂಡ ಚೆನ್ನಾಗಿದೆ. ಬೆಳಗ್ಗೆನೇ ನೂಡಲ್ಸಾ ಅಂತ ಕೇಳಬೇಡಿ, ಹನೋಯಿಯಲ್ಲಿ ಅದೇ ಬೆಳಗಿನ ತಿಂಡಿ. ಸುಟ್ಟ ಶುಂಠಿ, ಚಕ್ರಮೊಗ್ಗಿನ ಘಮ ಮೇಜಿಗೆ ಬರುವ ಮೊದಲೇ ಮೂಗಿಗೆ ಬಂತು.

ಮೂರನೆಯದು ಸಿಂಗಾಪುರದ ಕಡೆಯ ಕಾಫಿ ಅಂಗಡಿ. ತೆಂಗಿನ ಹಾಲು, ಮೊಟ್ಟೆ, ಸಕ್ಕರೆ, ಘಮಘಮಿಸುವ ಪಾಂಡನ್ ಎಲೆ ಸೇರಿಸಿ ಮಾಡುವ ಕಾಯಾ ಹಚ್ಚಿದ ಟೋಸ್ಟ್, ನಡುವೆ ಇನ್ನೂ ತಣ್ಣಗಿರುವ ಬೆಣ್ಣೆಯ ತುಂಡು. ಕಾಫಿಗೆ ಅಲ್ಲಿ ಕೋಪಿ ಅನ್ನುತ್ತಾರೆ. ಬರೀ ಕೋಪಿ ಅಂದರೆ ಕಂಡೆನ್ಸ್ಡ್ ಮಿಲ್ಕ್ ಹಾಕಿ ಕೊಡುತ್ತಾರೆ, ಹಾಲು ಬೇಡವಾದರೆ ಕೋಪಿ ಓ, ಸಕ್ಕರೆಯೂ ಬೇಡವಾದರೆ ಕೋಪಿ ಓ ಕೊಸೊಂಗ್ ಅನ್ನಿ. ಇವರ ಕಿಮ್ಚಿ ಚೀಸ್ ಟೋಸ್ಟ್ ನೋಡಿ, ಬೇರೆ ಬೇರೆ ದೇಶದ ಅಡುಗೆ ಬೆರೆಸುವ ಫ್ಯೂಷನ್ ಬಗ್ಗೆ ನನ್ನ ಅಭಿಪ್ರಾಯವೇ ಬದಲಾಯಿತು. ಕಿಮ್ಚಿ ಅಂದರೆ ಎಲೆಕೋಸನ್ನು ಖಾರ ಹಾಕಿ ಹುಳಿ ಬರಿಸುವ ಕೊರಿಯಾದ ಉಪ್ಪಿನಕಾಯಿ. ಹುಳಿ ಬಂದ ಕಿಮ್ಚಿಯನ್ನು ಹುರಿದು ಹಾಕಿದ್ದರು, ಅದರ ಖಾರಕ್ಕೆ ಚೀಸ್ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತೀರಾ!

ನಾಲ್ಕನೆಯದು ದೊಡ್ಡ ಫ್ಯೂಷನ್ ಕೆಫೆ, ಹೆಸರು ಬೇಡ. ನಲವತ್ತು ನಿಮಿಷ ಕಾದ ಮೇಲೆ ಮಿಸೋ ಅಣಬೆ ಟೋಸ್ಟ್ ಬಂತು. ಮಿಸೋ ಅಂದರೆ ಸೋಯಾ ಕಾಳು ಹುದುಗಿಸಿ ಮಾಡುವ ಜಪಾನಿನ ಪೇಸ್ಟ್, ಅದರಲ್ಲೇ ಉಪ್ಪು ಜಾಸ್ತಿ ಅಲ್ವಾ? ಅದಕ್ಕೆ ಉಪ್ಪು ಬೆಣ್ಣೆ, ಮೇಲಿಂದ ಸೋಯಾ ಸಾಸ್. ಎರಡು ತುತ್ತಿಗೆ ಬಿಟ್ಟೆವು. ಮಾಣಿಗೆ ಹೇಳಿದರೆ ರೆಸಿಪಿನೇ ಹಾಗೆ ಅಂದ. ಅಲ್ಲಿ ಕಾಂಜಿಯೂ ನೀರು ನೀರಾಗಿತ್ತು, ಅದನ್ನು ಮೊದಲೇ ತಿಂದು ನೋಡಿದ್ದರೆ ಟೋಸ್ಟ್ ಹೇಳುತ್ತಲೇ ಇರಲಿಲ್ಲ.

ಸಸ್ಯಾಹಾರಿಗಳು ಎಲ್ಲಾ ಕಡೆ ಕೇಳಿಯೇ ತಿನ್ನಿ. ಕಾಂಜಿಯನ್ನು ಎಷ್ಟೋ ಸಲ ಕೋಳಿ ಸಾರಿನಲ್ಲಿ ಬೇಯಿಸುತ್ತಾರೆ, ಕಿಮ್ಚಿಗೆ ಸಾಮಾನ್ಯವಾಗಿ ಮೀನಿನ ಸಾಸ್ ಇಲ್ಲವೇ ಉಪ್ಪು ಸಿಗಡಿ ಬೀಳುತ್ತದೆ, ಮಿಸೋ ಸೂಪಿನ ನೀರಲ್ಲೂ ಹೆಚ್ಚಾಗಿ ಒಣಮೀನು ಇರುತ್ತದೆ.

ಚೈನೀಸ್ ಅಂಗಡಿಗೆ ಒಂಬತ್ತರೊಳಗೆ ಹೋಗಿ. ಎರಡನೇ ಸಲ ನಾವು ಹತ್ತಕ್ಕೆ ಹೋದಾಗ ಯೂಟಿಯಾವ್ ಖಾಲಿಯಾಗಿತ್ತು.